ಹಳೆಯ ಶಿಷ್ಯೆ ಮೇಲಧಿಕಾರಿಯಾದಾಗ ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ?

ಪ್ರಶ್ನೆ: ನಾನು ಪ್ರೌಢಶಾಲೆಯ ಕನ್ನಡ ಶಿಕ್ಷಕ. ಇಪ್ಪತ್ತು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಕಂದಪದ್ಯಕ್ಕೆ ಪ್ರಸ್ತಾರ ಹಾಕಲು ತಡವರಿಸುತ್ತಿದ್ದ ಹುಡುಗಿ ಈಗ ನಮ್ಮ ಕ್ಷೇತ್ರ ಶಿಕ್ಷಣಾಧಿಕಾರಿ. ಮೊನ್ನೆ ತಪಾಸಣೆಗೆ ಬಂದಾಗ ನಾನು ಎದ್ದು ನಿಂತೆ. ಅವರೂ ‘ಕುಳಿತುಕೊಳ್ಳಿ ಸರ್’ ಎನ್ನುತ್ತ ನಿಂತೇ ಇದ್ದರು. ‘ಬಂದೆ’ ಎನ್ನಲಾರದೆ, ‘ಬಂದಿರಿ’ ಎನ್ನಲು ನಾಲಗೆ ಹೊರಳದೆ, ಕೊನೆಗೆ ‘ಯಾವಾಗ ಬಂದದ್ದು?’ ಎಂದು ಕೇಳಿದೆ. ಇದು ನನ್ನೊಬ್ಬನ ಸಂಕೋಚವೇ?

ಉತ್ತರ 1: ಖಂಡಿತ ಅಲ್ಲ. ಮಾನವಶಾಸ್ತ್ರಜ್ಞ ರಾಲ್ಫ್ ಲಿಂಟನ್ 1936ರಲ್ಲಿ ಅಂತಸ್ತು ಮತ್ತು ಪಾತ್ರಗಳನ್ನು ಬೇರ್ಪಡಿಸಿ ವಿವರಿಸಿದರು: ಅಂತಸ್ತು ಸಮಾಜದಲ್ಲಿ ವ್ಯಕ್ತಿಗಿರುವ ಸ್ಥಾನ, ಪಾತ್ರ ಆ ಸ್ಥಾನಕ್ಕೆ ತಕ್ಕ ನಡವಳಿಕೆ. ನಿಮ್ಮಿಬ್ಬರ ನಡುವೆ ಗುರು–ಶಿಷ್ಯೆ ಹಾಗೂ ಅಧಿಕಾರಿ–ನೌಕರ ಎಂಬ ಎರಡು ಸಂಬಂಧಗಳು ಒಂದೇ ಕೋಣೆಯಲ್ಲಿ ಎದುರಾದವು. ಕನ್ನಡದ ಕ್ರಿಯಾಪದವು ಎದುರಿಗಿರುವವರ ಸ್ಥಾನವನ್ನು ಪ್ರತ್ಯಯದಲ್ಲೇ ಹೇಳಿಬಿಡುತ್ತದೆ. ‘ಬಂದದ್ದು’, ‘ಊಟ ಆಯಿತೇ’ ಮುಂತಾದ ರೂಪಗಳು ಮಾತ್ರ ಅದರಿಂದ ಜಾರಿಕೊಳ್ಳಲು ದಾರಿ ಕೊಡುತ್ತವೆ. (ಹೊಸ ಸೊಸೆಯಂದಿರಿಗೆ ಈ ಉಪಾಯ ಚೆನ್ನಾಗಿ ಗೊತ್ತು.)

ಉತ್ತರ 2: ಏಕವಚನವೆಂದರೆ ಅಗೌರವವೆಂದೇ ಅಲ್ಲ, ತಾಯಿಯನ್ನೂ ದೇವರನ್ನೂ ನಾವು ‘ನೀನು’ ಎಂದೇ ಕರೆಯುತ್ತೇವೆ. ಮನೋವಿಜ್ಞಾನಿ ರೋಜರ್ ಬ್ರೌನ್ ಮತ್ತು ಸಾಹಿತ್ಯ ವಿದ್ವಾಂಸ ಆಲ್ಬರ್ಟ್ ಗಿಲ್ಮನ್ 1960ರಲ್ಲಿ ಯುರೋಪಿನ ಭಾಷೆಗಳ ಸರ್ವನಾಮಗಳಲ್ಲಿ ಅಧಿಕಾರ ಮತ್ತು ಆತ್ಮೀಯತೆ ಎಂಬ ಎರಡು ಎಳೆಗಳನ್ನು ಗುರುತಿಸಿದ್ದರು. ನನಗೆ ನಿಮ್ಮ ಸಂಕೋಚಕ್ಕಿಂತ ಹೆಚ್ಚು ಕಸಿವಿಸಿಯಾಗುವುದು, ಮನೆಗೆಲಸಕ್ಕೆ ಬರುವ ಅರವತ್ತು ವರ್ಷದ ಹೆಂಗಸನ್ನು ಹತ್ತು ವರ್ಷದ ಮಗು ‘ಬಾ’ ಎಂದು ಕರೆದಾಗ, ಆಕೆ ‘ಬಂದೆ ಅಮ್ಮಾವ್ರೇ’ ಎನ್ನುವುದನ್ನು ಕೇಳಿದಾಗ. ಅಲ್ಲಿ ಯಾರೂ ತಡವರಿಸುವುದಿಲ್ಲ.

ಪ್ರಶ್ನೆ ಕೇಳಿದವರು: ಕಚೇರಿಯಲ್ಲಿ ‘ನೀವು’ ಎಂದೇ ಕರೆಯುತ್ತೇನೆ. ಅವರ ಮನೆಯ ಗೃಹಪ್ರವೇಶಕ್ಕೆ ಕರೆ ಬಂದಿದೆ, ಅಲ್ಲಿ ಏನೆನ್ನಬೇಕೋ ಇನ್ನೂ ತೋಚಿಲ್ಲ.