ಸ್ಲಿಪ್-ಆನ್ ಸೈಲೆನ್ಸರ್ ಹಾಕಿಸಿದ ಮೇಲೆ ಪಟಪಟ ಸಿಡಿತ: ರೀಮ್ಯಾಪ್ ಮಾಡಿಸಲೇಬೇಕೇ?

ಪ್ರಶ್ನೆ

ನಮಸ್ಕಾರ. ನನ್ನದು ಒಂದೇ ಸಿಲಿಂಡರಿನ, ಫ್ಯೂಯಲ್ ಇಂಜೆಕ್ಷನ್ ಇರುವ ಬೈಕು. ಕಂಪನಿಯ ಸೈಲೆನ್ಸರ್ ತೆಗೆಸಿ, ಬೇರೆ ತಯಾರಕರ ಸ್ಲಿಪ್-ಆನ್ (ಮೊದಲಿನ ಪೈಪಿನ ತುದಿಗೇ ತೂರಿಸಿ ಕೂರಿಸುವ ಸೈಲೆನ್ಸರ್) ಹಾಕಿಸಿದ್ದೇನೆ. ಬೆಂಡ್ ಪೈಪ್ (ಎಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಪೈಪು), ಅದರೊಳಗಿನ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷಾಂಶ ತಗ್ಗಿಸುವ ಭಾಗ) ಮತ್ತು ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಮೊದಲಿನವೇ ಇವೆ; ಹೊಸ ಸೈಲೆನ್ಸರಿನ ಡಿಬಿ ಕಿಲ್ಲರ್ (ಸದ್ದು ತಗ್ಗಿಸಲು ಅದರ ಬಾಯಿಯಲ್ಲಿ ಕೂರಿಸುವ ತುಂಡು) ಅನ್ನು ಮಾತ್ರ ತೆಗೆದಿಟ್ಟಿದ್ದಾರೆ. ಅಂದಿನಿಂದ, ವೇಗದಲ್ಲಿ ಹೋಗುವಾಗ ಥ್ರಾಟಲ್ ಪೂರ್ತಿ ಬಿಟ್ಟರೆ ಪಟಪಟನೆ ಸಿಡಿಯುವ ಸದ್ದು ಬರುತ್ತಿದ್ದು, ಕಡಿಮೆ ಆರ್‌ಪಿಎಂನಲ್ಲಿ ಎಳೆತವೂ ಕುಗ್ಗಿದಂತೆ ಅನಿಸುತ್ತಿದೆ. ಇಸಿಯು (ಎಷ್ಟು ಪೆಟ್ರೋಲ್ ಬಿಡಬೇಕೆಂದು ನಿರ್ಧರಿಸುವ ಎಂಜಿನ್ ಕಂಪ್ಯೂಟರ್) ರೀಮ್ಯಾಪ್, ಅಂದರೆ ಅದರೊಳಗಿನ ಲೆಕ್ಕದ ತಿದ್ದುಪಡಿ, ಮಾಡಿಸದೆ ಇದು ಸರಿಹೋಗುವುದಿಲ್ಲ ಎಂದು ಹಾಕಿಕೊಟ್ಟವರು ಹೇಳುತ್ತಾರೆ. ಅದಕ್ಕೆ ಮುಂಚೆ ಪರೀಕ್ಷಿಸಬೇಕಾದದ್ದು ಏನಾದರೂ ಇದೆಯೇ?

ಉತ್ತರ

ರೀಮ್ಯಾಪ್ ವಿಚಾರವನ್ನು ಸದ್ಯಕ್ಕೆ ಬದಿಗಿಟ್ಟು, ಮೊದಲು ಬೆಂಡ್ ಪೈಪಿಗೂ ಸೈಲೆನ್ಸರಿಗೂ ನಡುವಿನ ಜಾಯಿಂಟನ್ನು ನೋಡಿ. ಥ್ರಾಟಲ್ ಮುಚ್ಚಿದಾಗ ಸಿಲಿಂಡರಿನೊಳಗೆ ದಹನ ಪೂರ್ಣವಾಗದೆ, ಸ್ವಲ್ಪ ಪೆಟ್ರೋಲ್ ಉರಿಯದೆಯೇ ಪೈಪಿಗೆ ಬರುತ್ತದೆ. ಹೊಗೆ ಪೈಪಿನಲ್ಲಿ ಅಲೆಅಲೆಯಾಗಿ ಸಾಗುವುದರಿಂದ ಎರಡು ಅಲೆಗಳ ನಡುವೆ ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುತ್ತದೆ. ಜಾಯಿಂಟಿನಲ್ಲಿ ಕೂದಲೆಳೆಯಷ್ಟು ಸಂದಿಯಿದ್ದರೂ ಆ ಕ್ಷಣದಲ್ಲಿ ಹೊರಗಿನ ಗಾಳಿ ಒಳಕ್ಕೆ ಸೆಳೆಯಲ್ಪಟ್ಟು, ಉರಿಯದೆ ಉಳಿದ ಪೆಟ್ರೋಲಿನೊಡನೆ ಬೆರೆತು, ಕಾದ ಪೈಪಿನೊಳಗೇ ಹೊತ್ತಿಕೊಳ್ಳುತ್ತದೆ. ನೀವು ಕೇಳುತ್ತಿರುವ ಪಟಪಟ ಬಹುಮಟ್ಟಿಗೆ ಅದೇ. ಅಪರೂಪಕ್ಕೊಮ್ಮೆ ಬರುವ ಮೆಲುಸದ್ದಿನಿಂದ ತೊಂದರೆಯಿಲ್ಲ, ಆದರೆ ಪ್ರತಿ ಬಾರಿಯೂ ಸಿಡಿಯುತ್ತಿದ್ದರೆ ಹಾಗೆಯೇ ಬಿಡಬಾರದು.

ಪರೀಕ್ಷೆ ಸುಲಭ. ಬೈಕು ಪೂರ್ತಿ ತಣ್ಣಗಿರುವಾಗ, ಬಯಲಿನಲ್ಲಿ ನಿಲ್ಲಿಸಿ (ಮುಚ್ಚಿದ ಗ್ಯಾರೇಜಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಅಪಾಯ), ಜಾಯಿಂಟಿನ ಸುತ್ತ ಸೋಪಿನ ನೀರು ಸಿಂಪಡಿಸಿ, ಸ್ಟಾರ್ಟ್ ಮಾಡಿ. ಸೈಲೆನ್ಸರಿನ ಬಾಯಿಯನ್ನು ಇನ್ನೊಬ್ಬರು ದಪ್ಪ ಒದ್ದೆ ಬಟ್ಟೆಯಿಂದ ಒಂದೆರಡು ಕ್ಷಣ ಒತ್ತಿ ಹಿಡಿದರೆ, ಸೋರಿಕೆ ಇರುವಲ್ಲಿ ಗುಳ್ಳೆಗಳೇಳುತ್ತವೆ ಅಥವಾ ಬುಸ್ಸೆನ್ನುವ ಸದ್ದು ಕೇಳುತ್ತದೆ. ಜಾಯಿಂಟನ್ನು ಬಿಗಿಯುವ ಪಟ್ಟಿಯಾದ ಕ್ಲ್ಯಾಂಪಿನ ಅಂಚಿನಲ್ಲಿ ಮಸಿಯ ಗೆರೆ ಕಂಡರಂತೂ ಬೇರೆ ಪರೀಕ್ಷೆ ಬೇಕಾಗಿಲ್ಲ.

ಸೋರಿಕೆ ಕಂಡರೆ ಬಿಚ್ಚಿ ಸರಿಪಡಿಸಿ, ಮತ್ತೆ ಜೋಡಿಸುವಾಗ ಎಲ್ಲ ನಟ್ಟು-ಬೋಲ್ಟುಗಳನ್ನೂ ಮೊದಲು ಕೈಯಲ್ಲಿ ಸಡಿಲವಾಗಿ ಕೂರಿಸಿ, ಪೈಪು ತಾನಾಗಿ ನೇರವಾಗಿ ನಿಂತ ಮೇಲೆ ಎಂಜಿನ್ ಕಡೆಯಿಂದ ಹಿಂದಕ್ಕೆ ಬಿಗಿಯುತ್ತಾ ಬರಬೇಕು: ಮೊದಲು ಕ್ಲ್ಯಾಂಪ್, ಕೊನೆಗೆ ಚಾಸಿಗೆ ಸೇರುವ ಬ್ರಾಕೆಟ್. ಈ ಕ್ರಮ ತಿರುವುಮುರುವಾದರೆ ಪೈಪು ಎಳೆದು ಕಟ್ಟಿದ ಸ್ಥಿತಿಯಲ್ಲಿ ಉಳಿದು, ಜಾಯಿಂಟ್ ಒಂದು ಬದಿಯಲ್ಲಿ ಬಾಯಿ ಬಿಡುತ್ತದೆ. ಮುಂದೊಂದು ದಿನ ಬ್ರಾಕೆಟ್ಟಿನ ವೆಲ್ಡಿಂಗೂ ಸೀಳಬಹುದು. ಸ್ಟಾರ್ಟ್ ಮಾಡುವ ಮುನ್ನ ಸ್ಟೇನ್‌ಲೆಸ್ ಪೈಪಿನ ಮೇಲಿನ ಬೆರಳ ಗುರುತುಗಳನ್ನು ಸ್ಪಿರಿಟ್ ಹಾಕಿ ಒರೆಸಿ, ಇಲ್ಲವಾದರೆ ಮೊದಲ ಕಾವಿಗೇ ಅವು ಸುಟ್ಟು ಕಲೆಯಾಗಿ ನಿಲ್ಲುತ್ತವೆ. ಒಂದು ಸಲ ಚೆನ್ನಾಗಿ ಓಡಿಸಿ, ತಣ್ಣಗಾದ ಮೇಲೆ ಬಿಗಿತವನ್ನು ಮತ್ತೊಮ್ಮೆ ನೋಡಿ.

ಇನ್ನೊಂದು ಉತ್ತರ

ಮೇಲಿನವರ ಮಾತು ಸರಿ. ರೀಮ್ಯಾಪ್ ಬಗ್ಗೆ ನನ್ನ ಅಭಿಪ್ರಾಯವನ್ನು ಸೇರಿಸುತ್ತೇನೆ. ಒಂದೇ ವೇಗದಲ್ಲಿ ಹೋಗುವಾಗ ಇಸಿಯು ಆಕ್ಸಿಜನ್ ಸೆನ್ಸರಿನ ಸೂಚನೆಯಂತೆ ಗಾಳಿ ಮತ್ತು ಪೆಟ್ರೋಲನ್ನು ತೂಕದಲ್ಲಿ ಸುಮಾರು 14.7:1ರ ಆಸುಪಾಸಿಗೆ ತಾನೇ ಹೊಂದಿಸಿಕೊಳ್ಳುತ್ತದೆ. ಥ್ರಾಟಲ್ ಪೂರ್ತಿ ತೆರೆದಂಥ ಸಂದರ್ಭಗಳಲ್ಲಿ ಸೆನ್ಸರನ್ನು ಬಿಟ್ಟು, ತನ್ನಲ್ಲಿ ಮೊದಲೇ ಬರೆದಿಟ್ಟ ಮ್ಯಾಪನ್ನು ನಂಬುತ್ತದೆ. ಬೆಂಡ್ ಪೈಪೂ ಕ್ಯಾಟಲಿಟಿಕ್ ಕನ್ವರ್ಟರೂ ಹಾಗೆಯೇ ಇರುವಾಗ, ಬರೀ ಸೈಲೆನ್ಸರ್ ಬದಲಾವಣೆಯಿಂದ ಆ ಮ್ಯಾಪನ್ನೇ ತಿದ್ದಬೇಕಾದಷ್ಟು ವ್ಯತ್ಯಾಸ ಸಾಮಾನ್ಯವಾಗಿ ಆಗುವುದಿಲ್ಲ. ಫುಲ್ ಸಿಸ್ಟಮ್ (ಬೆಂಡ್ ಪೈಪಿನಿಂದ ಸೈಲೆನ್ಸರಿನವರೆಗೆ ಎಲ್ಲವೂ ಹೊಸದು) ಹಾಕಿಸಿದ್ದರೆ ನಾನೇ ರೀಮ್ಯಾಪ್ ಮಾಡಿಸಿ ಎನ್ನುತ್ತಿದ್ದೆ. ಸೋರಿಕೆಯನ್ನು ಹಾಗೆಯೇ ಇಟ್ಟುಕೊಂಡು ರೀಮ್ಯಾಪ್ ಮಾಡಿಸಿದರೆ ಆ ಸೋರಿಕೆಗೇ ಪೆಟ್ರೋಲ್ ಹೊಂದಿಸಿದಂತಾಗಿ, ಅದನ್ನು ಸರಿಪಡಿಸಿದ ದಿನ ಲೆಕ್ಕವೆಲ್ಲ ತಪ್ಪುತ್ತದೆ.

ಮತ್ತೊಂದು ಉತ್ತರ

ದಯವಿಟ್ಟು ಡಿಬಿ ಕಿಲ್ಲರ್ ಅನ್ನು ಮೊದಲು ಮರಳಿ ಹಾಕಿಸಿ. ಎಳೆತ ಕುಗ್ಗಿದೆಯೆಂಬ ನಿಮ್ಮ ಅನುಮಾನಕ್ಕೂ ಅದು ಕಾರಣವಾಗಿರಬಹುದು, ಏಕೆಂದರೆ ತಯಾರಕರು ಅದನ್ನು ಸೇರಿಸಿಯೇ ಸೈಲೆನ್ಸರನ್ನು ವಿನ್ಯಾಸಗೊಳಿಸಿರುತ್ತಾರೆ ಮತ್ತು ಅದು ಇಲ್ಲದಿದ್ದರೆ ಒತ್ತಡದ ಅಲೆಗಳು ಹಿಂದಿರುಗುವ ಹೊತ್ತು ಬದಲಾಗುತ್ತದೆ. ಸದ್ದಿನ ಪ್ರಶ್ನೆಯೂ ಚಿಕ್ಕದಲ್ಲ: 10 ಡೆಸಿಬೆಲ್ ಹೆಚ್ಚಿದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳುತ್ತದೆ, ಅದನ್ನು ಸಹಿಸಬೇಕಾದವರಲ್ಲಿ ಬೈಕಿನ ಮೇಲಿರುವ ನೀವೂ ಒಬ್ಬರು. ಸ್ಲಿಪ್-ಆನ್‌ನಿಂದ ಸಿಗುವ ನಿಜವಾದ ಲಾಭ ಬೈಕಿನ ತೂಕ ಇಳಿಯುವುದು; ಡಿಬಿ ಕಿಲ್ಲರ್ ಹಾಕಿದರೂ ಆ ಲಾಭ ಎಲ್ಲಿಗೂ ಹೋಗುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಕ್ಲ್ಯಾಂಪಿನ ಕೆಳಬದಿಯಲ್ಲಿ ಮಸಿಯ ಗೆರೆ ಸ್ಪಷ್ಟವಾಗಿ ಕಾಣುತ್ತಿದೆ, ಬಿಚ್ಚಿ ನೋಡಿದರೆ ಒಳಗೆ ಸಂದಿ ಮುಚ್ಚುವ ಗ್ಯಾಸ್ಕೆಟ್ಟೇ ಇಲ್ಲ. ಅದರ ಬದಲು ಮನೆಯಲ್ಲಿರುವ ಸಾಮಾನ್ಯ ಸಿಲಿಕೋನ್ ಸೀಲಂಟ್ ಹಚ್ಚಬಹುದೇ?

ಉತ್ತರ

ಬೇಡ. ಸಾಮಾನ್ಯ ಸಿಲಿಕೋನ್ ಆ ಕಾವಿಗೆ ಸುಟ್ಟು ಉದುರುತ್ತದೆ, ಅದರ ಆವಿ ಸೆನ್ಸರಿಗೆ ತಗುಲಿದರೆ ಸೆನ್ಸರೂ ಕೆಡುತ್ತದೆ. ಪೈಪಿನ ಹೊರವ್ಯಾಸ ಮತ್ತು ಸೈಲೆನ್ಸರಿನ ಒಳವ್ಯಾಸಗಳನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು, ಆ ಸಂದಿಗೆ ಬಿಗಿಯಾಗಿ ಕೂರುವ ಗ್ರಾಫೈಟ್ ಗ್ಯಾಸ್ಕೆಟ್ ತಂದು ಹಾಕಿ. ಡಿಬಿ ಕಿಲ್ಲರ್ ಕೂಡ ಹಾಕಿ ಓಡಿಸಿದ ಮೇಲೂ ಸಿಡಿತ ಉಳಿದರೆ ಆಗ ರೀಮ್ಯಾಪ್ ಬಗ್ಗೆ ಯೋಚಿಸೋಣ.