“ಬರುತ್ತಾರಂತೆ ಎಂದರು”: ಇದನ್ನು ಇಂಗ್ಲಿಷ್‌ನಲ್ಲಿ ಹೇಗೆ ಹೇಳೋದು?

ಗೆಳೆಯರಿಗೆ ನಮಸ್ಕಾರ,

ಒಂದು ಸಹಕಾರ ಸಂಘದ ಹಳೇ ನಡಾವಳಿಗಳನ್ನು ಕನ್ನಡದಿಂದ ಇಂಗ್ಲಿಷಿಗೆ ಮಾಡಿಕೊಡುತ್ತಿದ್ದೇನೆ. ನಡಾವಳಿ ಅಂದಮೇಲೆ ಗೊತ್ತಲ್ಲ, ಅವರು ಹೀಗೆಂದರು, ಇವರು ಹಾಗೆಂದರು, ಬರೀ ಅದೇ. ಅದರಲ್ಲಿ ಎರಡು ವಾಕ್ಯಗಳ ಮೇಲೆ ನನಗೂ ಕರಡು ತಿದ್ದುವ ಸಹೋದ್ಯೋಗಿಗೂ ವಾದ ಹತ್ತಿಕೊಂಡಿದೆ. ನಿಮ್ಮ ಮುಂದೆ ಇಡುತ್ತೇನೆ.

ಒಂದು: “ಗೋದಾಮಿನ ಬೀಗದ ಕೈ ನನ್ನ ಹತ್ತಿರ ಇಲ್ಲ ಎಂದು ಕಾರ್ಯದರ್ಶಿ ಹೇಳಿದರು.”

ಎರಡು: “ಮುಂದಿನ ವಾರ ಆಡಿಟರ್ ಬರುತ್ತಾರಂತೆ ಎಂದು ಸದಸ್ಯರೊಬ್ಬರು ತಿಳಿಸಿದರು.”

ಮೊದಲನೆಯದಕ್ಕೆ ನಾನು ಬರೆದದ್ದು “ದ ಸೆಕ್ರೆಟರಿ ಸೆಡ್ ದಟ್ ಹಿ ಡಿಡ್ ನಾಟ್ ಹ್ಯಾವ್ ದ ಕೀ”. ಸಹೋದ್ಯೋಗಿಯ ತಕರಾರು: “ಡಿಡ್ ನಾಟ್ ಅಂದ್ರೆ ಹಿಂದೆ ಇರಲಿಲ್ಲ ಅಂತ ಆಗಲ್ವಾ? ಅವರು ಇಲ್ಲ ಅಂದಿದ್ದಾರೆ, ಇರಲಿಲ್ಲ ಅಂದಿಲ್ಲ.” ಕನ್ನಡದ ಕಿವಿಗೆ ಇದು ಪೂರಾ ಸರಿಯಾದ ತಕರಾರು. ನಮ್ಮಲ್ಲಿ “ಇಲ್ಲ ಎಂದರು” ಮತ್ತು “ಇರಲಿಲ್ಲ ಎಂದರು” ಬೇರೆ ಬೇರೆ ಸಂಗತಿ. ಮೊದಲನೆಯದರಲ್ಲಿ ಮಾತಾಡುವ ಹೊತ್ತಿಗೆ ಕೀ ಇಲ್ಲ. ಎರಡನೆಯದರಲ್ಲಿ ಅದಕ್ಕೂ ಮೊದಲು ಯಾವಾಗಲೋ ಇರಲಿಲ್ಲ.

ಇಂಗ್ಲಿಷ್‌ನಲ್ಲಿ ಹಾಗಲ್ಲ. ಅಲ್ಲಿ “ಸೆಡ್” ಭೂತಕಾಲದಲ್ಲಿದ್ದರೆ ಒಳಗಿನ ಕ್ರಿಯಾಪದವನ್ನೂ ಸಾಮಾನ್ಯವಾಗಿ ಒಂದು ಮೆಟ್ಟಿಲು ಹಿಂದಕ್ಕೆ ಇಳಿಸುತ್ತಾರೆ. “ಡು ನಾಟ್” ಹೋಗಿ “ಡಿಡ್ ನಾಟ್” ಆಗುವುದು, “ವಿಲ್” ಹೋಗಿ “ವುಡ್” ಆಗುವುದು, “ಕ್ಯಾನ್” ಹೋಗಿ “ಕುಡ್” ಆಗುವುದು ಎಲ್ಲ ಇದಕ್ಕೇ. ಆ “ಡಿಡ್ ನಾಟ್” ಕೀ ಯಾವಾಗ ಇರಲಿಲ್ಲ ಅಂತ ಹೇಳುತ್ತಿಲ್ಲ, “ಸೆಡ್” ಜೊತೆ ಹೊಂದಿಕೊಂಡಿದೆ, ಅಷ್ಟೆ. ನಿಜವಾಗಿಯೂ “ಇರಲಿಲ್ಲ ಎಂದರು” ಅನ್ನಬೇಕಾದರೆ ಇನ್ನೊಂದು ಮೆಟ್ಟಿಲು ಇಳಿದು “ಹಿ ಹ್ಯಾಡ್ ನಾಟ್ ಹ್ಯಾಡ್ ದ ಕೀ” ಅನ್ನಬೇಕು. ಕೇಳಲು ಕೊಂಚ ತಮಾಷೆಯಾಗಿದೆ, ಆದರೆ ವ್ಯಾಕರಣದಲ್ಲಿ ತಪ್ಪಿಲ್ಲ.

ನನಗೆ ಅನ್ನಿಸುವುದು ಇಷ್ಟು. ಶಾಲೆಯಲ್ಲಿ ನಮಗೆ ರಿಪೋರ್ಟೆಡ್ ಸ್ಪೀಚ್ ಅಂದರೆ ಒಂದು ಪಟ್ಟಿ ಕಲಿಸುತ್ತಾರೆ. ಈಸ್ ಇದ್ದರೆ ವಾಸ್, ನೌ ಇದ್ದರೆ ದೆನ್, ದಿಸ್ ಇದ್ದರೆ ದಟ್. ಪಟ್ಟಿ ಬಾಯಿಪಾಠ ಆಗುತ್ತದೆ, ಯಾಕೆ ಅನ್ನುವುದು ತಲೆಗೆ ಹೋಗುವುದಿಲ್ಲ. ನಿಜವಾದ ಅಂತರ ಇರುವುದು ನಮ್ಮ “ಅಂತ” ಅಥವಾ “ಎಂದು” ಅನ್ನುವುದರಲ್ಲಿ. ಕನ್ನಡದಲ್ಲಿ ಹೇಳಿದವನ ಮಾತನ್ನು ಅವನ ಬಾಯಿಂದ ಹೇಗೆ ಬಂತೋ ಹಾಗೇ ಇಟ್ಟು ಕೊನೆಗೆ “ಅಂತ” ಸೇರಿಸಿದರೆ ಮುಗಿಯಿತು. ಕಾಲವೂ ಅವನದ್ದೇ, “ನಾನು” ಕೂಡ ಅವನದ್ದೇ. ಇಂಗ್ಲಿಷ್‌ನಲ್ಲಿ ವರದಿ ಮಾಡುವವನು ಎಲ್ಲವನ್ನೂ ತನ್ನ ಜಾಗದಿಂದ, ತನ್ನ ಹೊತ್ತಿನಿಂದ ಮತ್ತೆ ಹೇಳಬೇಕು. ಇದೊಂದು ಹಿಡಿದರೆ ಪಟ್ಟಿಯ ಮುಕ್ಕಾಲು ಪಾಲು ತಾನಾಗಿ ಬರುತ್ತದೆ.

ಇದು ಉಲ್ಟಾ ದಿಕ್ಕಿನಲ್ಲೂ ಕಾಡುತ್ತದೆ. “ಶಿ ಸೆಡ್ ಶಿ ವಾಸ್ ಹಂಗ್ರಿ” ಅನ್ನುವುದನ್ನು “ತನಗೆ ಹಸಿವಾಗಿತ್ತು ಎಂದಳು” ಅಂತ ಕನ್ನಡ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಯಂತ್ರಾನುವಾದದಲ್ಲೂ ಇದು ಕಣ್ಣಿಗೆ ಬೀಳುತ್ತದೆ. ಓದಿದವರು ಅವಳಿಗೆ ಆಮೇಲೆ ಊಟ ಆಯಿತು ಅಂದುಕೊಳ್ಳುತ್ತಾರೆ. ಅಲ್ಲಿ ಬೇಕಾದದ್ದು “ಹಸಿವಾಗಿದೆ ಎಂದಳು”. ಇಂಗ್ಲಿಷ್ ಪತ್ರಿಕೆಯಲ್ಲಿ “ದ ವರ್ಕ್ ವುಡ್ ಬಿ ಕಂಪ್ಲೀಟೆಡ್ ಬೈ ಮಾರ್ಚ್, ಹಿ ಸೆಡ್” ಅಂತಿದ್ದರೆ ಅದು ಕನ್ನಡದಲ್ಲಿ “ಮಾರ್ಚ್ ಒಳಗೆ ಕಾಮಗಾರಿ ಮುಗಿಯುತ್ತದೆ ಎಂದರು”. “ಮುಗಿಯುತ್ತಿತ್ತು ಎಂದರು” ಅಂತ ಬರೆದರೆ ಕೆಲಸ ನಿಂತೇ ಹೋಯಿತು ಅನ್ನುವ ಅರ್ಥ ಬರುತ್ತದೆ!

ಹಾಗಂತ ಇಂಗ್ಲಿಷ್‌ನಲ್ಲಿ ಹಿಂದಕ್ಕೆ ಇಳಿಸುವುದು ಯಾವಾಗಲೂ ಕಡ್ಡಾಯವೇನಲ್ಲ. ಹೇಳಿದ ಮಾತು ಈಗಲೂ ನಿಜವಾಗಿದ್ದರೆ ವರ್ತಮಾನ ಉಳಿಸಬಹುದು. “ಹಿ ಸೆಡ್ ಹಿ ಲಿವ್ಸ್ ಇನ್ ಮೈಸೂರು” ಸರಿ, “ಲಿವ್ಡ್” ಅಂದರೂ ಸರಿ. “ಲಿವ್ಸ್” ಅಂದರೆ ಈಗಲೂ ಅಲ್ಲೇ ಇದ್ದಾನೆ ಅಂತ ಹೇಳುವವನು ಒಪ್ಪಿಕೊಂಡ ಹಾಗೆ. “ಲಿವ್ಡ್” ಅಂದರೆ ಅದರ ಹೊಣೆ ನನ್ನದಲ್ಲ, ಅವನು ಹಾಗೆಂದ ಅನ್ನುವ ದೂರ ಇರುತ್ತದೆ. ನಡಾವಳಿಗೆ ಈ ದೂರವೇ ಬೇಕು. ಕೀ ನಿಜವಾಗಿ ಕಾರ್ಯದರ್ಶಿಯ ಜೇಬಿನಲ್ಲೇ ಇತ್ತೋ ಏನೋ, ನಮಗೇನು ಗೊತ್ತು. ಇನ್ನು “ಹಿ ಸೇಸ್” ಅಂತ ಶುರು ಮಾಡಿದರೆ ಒಳಗೆ ಏನನ್ನೂ ಇಳಿಸಬೇಕಾಗಿಲ್ಲ.

ದಿನದ ಮಾತು ಬಂದಾಗ ಪಟ್ಟಿ ಇನ್ನೂ ಕೈಕೊಡುತ್ತದೆ. “ಟುಮಾರೊ” ಕಂಡರೆ “ದ ನೆಕ್ಸ್ಟ್ ಡೇ” ಮಾಡು ಅಂತ ಕಲಿತಿದ್ದೇವೆ. ಸೋಮವಾರ ಬೆಳಿಗ್ಗೆ ಅವನು “ನಾಳೆ ಬರ್ತೀನಿ” ಅಂದಿದ್ದಾನೆ. ಅದನ್ನು ನಾನು ಸೋಮವಾರ ಸಂಜೆಯೇ ಇನ್ನೊಬ್ಬರಿಗೆ ಹೇಳಿದರೆ “ಹಿ ಸೆಡ್ ಹಿ ವುಡ್ ಕಮ್ ಟುಮಾರೊ” ಅನ್ನಬೇಕು, ಯಾಕೆಂದರೆ ನನಗೂ ಮಂಗಳವಾರ ನಾಳೆಯೇ. ಗುರುವಾರ ಹೇಳಿದರೆ ಮಾತ್ರ “ದ ನೆಕ್ಸ್ಟ್ ಡೇ” ಅಥವಾ “ಆನ್ ಟ್ಯೂಸ್‌ಡೇ”. ದ್ವಿತೀಯ ಪಿಯುಸಿ ಇಂಗ್ಲಿಷ್ ಪತ್ರಿಕೆಯಲ್ಲಿ ಸಂಭಾಷಣೆ ಕೊಟ್ಟು ರಿಪೋರ್ಟ್ ಮಾಡಿ ಅಂತ ಕೇಳುತ್ತಾರಲ್ಲ, ಅಲ್ಲಿ ಯಾವಾಗ, ಎಲ್ಲಿ ನಿಂತು ರಿಪೋರ್ಟ್ ಮಾಡುತ್ತಿದ್ದೇವೆ ಅನ್ನುವುದು ಇರುವುದಿಲ್ಲ. ಹಾಗಾಗಿ ಮಕ್ಕಳಿಗೆ ಎಲ್ಲವೂ ಎಂದೋ ನಡೆದ ಕಥೆ ಅನ್ನುವ ಅಭ್ಯಾಸ ಬಿದ್ದುಹೋಗುತ್ತದೆ. ಪರೀಕ್ಷೆಗೆ ಸರಿ, ಫೋನಿನಲ್ಲಿ ಮಾತಾಡುವಾಗ ಪೇಚು.

ಅದೇ ಅಭ್ಯಾಸದ್ದೋ ಏನೋ, ನಮ್ಮ ಕಡೆ ಸೂಚನಾಫಲಕಗಳಲ್ಲಿ “ದ ಮೀಟಿಂಗ್ ವುಡ್ ಬಿ ಹೆಲ್ಡ್ ಟುಮಾರೊ” ಅಂತ ಬರೆಯುತ್ತಾರೆ. ಯಾರೂ ಏನೂ ಹೇಳಿಲ್ಲ, ನೇರ ಸೂಚನೆ. ಅಲ್ಲಿ “ವಿಲ್” ಸಾಕು. “ಐ ಹ್ಯಾಡ್ ಗಾನ್ ಎಸ್ಟರ್ಡೇ” ಅನ್ನುವುದು ಮಾತ್ರ “ನಿನ್ನೆ ಹೋಗಿದ್ದೆ” ಅನ್ನುವ ನಮ್ಮ ಕನ್ನಡದಿಂದಲೇ ಬಂದದ್ದು ಅಂತ ನನ್ನ ಗುಮಾನಿ.

ಈಗ “ನಾನು” ಸಮಸ್ಯೆ. ಇದೇ ನಡಾವಳಿಯಲ್ಲಿ “ನಾನು ಸಾಲ ಕಟ್ಟಿದ್ದೇನೆ ಎಂದು ಅಧ್ಯಕ್ಷರು ಹೇಳಿದರು” ಅಂತ ಇದೆ. ಬರೆದವರು ಕಾರ್ಯದರ್ಶಿ. “ನಾನು” ಅಧ್ಯಕ್ಷರೋ, ಬರೆಯುತ್ತಿರುವ ಕಾರ್ಯದರ್ಶಿಯೋ? ಸಾಮಾನ್ಯವಾಗಿ ಅಧ್ಯಕ್ಷರೇ, ಆದರೆ ಬರಹದಲ್ಲಿ ಕೊಂಚ ಸಂದೇಹ ಉಳಿಯುತ್ತದೆ. ಇಂಗ್ಲಿಷ್‌ಗೆ ಹೋಗುವಾಗ ಯಾರು ಅಂತ ನಾನೇ ತೀರ್ಮಾನ ಮಾಡಿ “ಹಿ” ಅಥವಾ “ಐ” ಹಾಕಬೇಕು. ಇಲ್ಲಿ ಕನ್ನಡದ “ತಾನು”, “ತಾವು” ಎಷ್ಟು ಚೆಂದ ನೋಡಿ. “ತಾವು ಸಾಲ ಕಟ್ಟಿರುವುದಾಗಿ ಅಧ್ಯಕ್ಷರು ಹೇಳಿದರು” ಅಂದರೆ ಗೊಂದಲವೇ ಇಲ್ಲ, ಕಟ್ಟಿದ್ದು ಅಧ್ಯಕ್ಷರೇ. “ಅವರು ಸಾಲ ಕಟ್ಟಿರುವುದಾಗಿ” ಅಂದರೆ ಬೇರೆ ಯಾರೋ. ಇಂಗ್ಲಿಷ್‌ನಲ್ಲಿ ಎರಡಕ್ಕೂ “ಹಿ ಹ್ಯಾಡ್ ಪೇಡ್” ಒಂದೇ. ಗೊಂದಲ ತಪ್ಪಬೇಕಾದರೆ ಹೆಸರನ್ನೇ ಮತ್ತೆ ಬರೆಯಬೇಕು. ಈ ವಿಷಯದಲ್ಲಿ ನಮ್ಮ ಭಾಷೆಯೇ ಮುಂದು ಅಂತ ಹೇಳಲು ನನಗೇನೂ ಸಂಕೋಚ ಇಲ್ಲ.

“ಅಂತ” ಅಂದರೆ “ದಟ್” ಅಂತ ತಲೆಯಲ್ಲಿ ಕೂತಿರುವುದು ಇನ್ನೊಂದು ಕಷ್ಟ. “ಎಲ್ಲಿಗೆ ಹೋಗ್ತಿದ್ದೀಯ ಅಂತ ಕೇಳಿದ” ಅನ್ನುವುದು “ಹಿ ಆಸ್ಕ್ಡ್ ದಟ್ ವೇರ್ ಆರ್ ಯು ಗೋಯಿಂಗ್” ಆಗಿಬಿಡುತ್ತದೆ. ಒಂದೇ ವಾಕ್ಯದಲ್ಲಿ ಮೂರು ಕಡೆ ಎಡವಟ್ಟು. ಪ್ರಶ್ನೆಯ ಮುಂದೆ “ದಟ್” ಬರುವುದಿಲ್ಲ. ಕೇಳಿಸಿಕೊಂಡವನು ನಾನಾದ್ದರಿಂದ “ಯು” ಹೋಗಿ “ಐ” ಆಗಬೇಕು. ಮತ್ತೆ ಅದು ಈಗ ಪ್ರಶ್ನೆಯಾಗಿ ಉಳಿದಿಲ್ಲ, ಆದ್ದರಿಂದ ಪದಗಳ ಜಾಗವೂ ಸಾದಾ ವಾಕ್ಯದ ಹಾಗೆ: “ಹಿ ಆಸ್ಕ್ಡ್ ಮಿ ವೇರ್ ಐ ವಾಸ್ ಗೋಯಿಂಗ್”. ಹೌದು, ಇಲ್ಲ ಅಂತ ಉತ್ತರಿಸುವ ಪ್ರಶ್ನೆಯಾದರೆ “ಇಫ್” ಅಥವಾ “ವೆದರ್” ಬೇಕು. “ಊಟ ಆಯ್ತಾ ಅಂತ ಕೇಳಿದ್ರು” ಅನ್ನುವುದು “ದೇ ಆಸ್ಕ್ಡ್ ಇಫ್ ಐ ಹ್ಯಾಡ್ ಈಟನ್”. “ಕಾಯಿ ಅಂದ್ರು” ಅನ್ನುವಂಥದ್ದಕ್ಕೆ “ಟೋಲ್ಡ್ ಮಿ ಟು ವೇಟ್”, “ಮುಟ್ಟಬೇಡ ಅಂದ್ರು” ಅನ್ನುವುದಕ್ಕೆ “ಟೋಲ್ಡ್ ಮಿ ನಾಟ್ ಟು ಟಚ್ ಇಟ್”. “ಟೋಲ್ಡ್” ಆದಮೇಲೆ ಯಾರಿಗೆ ಅನ್ನುವುದು ಬರಲೇಬೇಕು. “ಸೆಡ್” ಆದಮೇಲೆ ನೇರವಾಗಿ “ಮಿ” ಬರುವುದಿಲ್ಲ. “ಸಜೆಸ್ಟೆಡ್ ಮಿ ಟು ಗೋ” ಕೂಡ ತಪ್ಪು, “ಸಜೆಸ್ಟೆಡ್ ದಟ್ ಐ ಗೋ” ಅನ್ನಬೇಕು.

ಅಂದಹಾಗೆ ನಮ್ಮ “ಅಂತ” ಬರೀ ಮಾತಿಗಲ್ಲ. “ಧಡ್ ಅಂತ ಬಿತ್ತು”, “ನೋಡೋಣ ಅಂತ ಬಂದೆ”, “ಮಳೆ ಬರುತ್ತೆ ಅಂತ ಕೊಡೆ ತಗೊಂಡೆ”. ತಮಿಳಿನ “ಎನ್ಡ್ರು”, ತೆಲುಗಿನ “ಅನಿ” ಇದೇ ಜಾತಿಯವು. ಪಕ್ಕದ ಮರಾಠಿಯ “ಮ್ಹಣೂನ್”, ನಮ್ಮೂರುಗಳ ದಖನಿ ಉರ್ದುವಿನ “ಬೋಲ್ಕೆ” ಕೂಡ ಹೆಚ್ಚುಕಮ್ಮಿ ಇದೇ ಕೆಲಸ ಮಾಡುತ್ತವೆ. ಇಂಗ್ಲಿಷ್‌ನಲ್ಲಿ ಇದಕ್ಕೆ ಹತ್ತಿರದ್ದು ಅಂದರೆ ಹುಡುಗರ ಬಾಯಲ್ಲಿ ಓಡಾಡುವ “ಹಿ ವಾಸ್ ಲೈಕ್”. “ಹಿ ವಾಸ್ ಲೈಕ್, ಐ ಆಮ್ ನಾಟ್ ಕಮಿಂಗ್.” ಅಲ್ಲೂ ಕಾಲ ಇಳಿಯುವುದಿಲ್ಲ, “ಐ” ಹಾಗೇ ಇರುತ್ತದೆ. 1980ರ ದಶಕದಿಂದ ಭಾಷಾಶಾಸ್ತ್ರಜ್ಞರು ಇದನ್ನು ಗಮನಿಸುತ್ತಾ ಬಂದಿದ್ದಾರೆ. ನಡಾವಳಿಯಲ್ಲಿ ಮಾತ್ರ ಬರೆಯುವ ಹಾಗಿಲ್ಲ, ಅಧ್ಯಕ್ಷರು ಬಿಡಲ್ಲ.

ಇನ್ನು ಎರಡನೇ ವಾಕ್ಯ. ನಿಜವಾದ ಜಗಳ ಇರುವುದು ಇಲ್ಲೇ. ಸಹೋದ್ಯೋಗಿ ಬರೆದದ್ದು: “ಎ ಮೆಂಬರ್ ಸೆಡ್ ದ ಆಡಿಟರ್ ವುಡ್ ಕಮ್ ದ ಫಾಲೋಯಿಂಗ್ ವೀಕ್ ಇಟ್ ಸೀಮ್ಸ್.” ಈ “ಇಟ್ ಸೀಮ್ಸ್” ಬೆಂಗಳೂರಿನ ಇಂಗ್ಲಿಷ್‌ನಲ್ಲಿ ಎಲ್ಲರ ಬಾಯಲ್ಲೂ ಇದೆ. “ಹಿ ಈಸ್ ಇನ್ ಎ ಮೀಟಿಂಗ್ ಇಟ್ ಸೀಮ್ಸ್.” ನಮಗೆ ನಮಗೆ ಅದು ಪೂರ್ತಿ ಅರ್ಥ ಆಗುತ್ತದೆ, ಯಾಕೆಂದರೆ ಅದು “ಅಂತೆ”. ಹೊರಗಿನವರಿಗೆ “ಇಟ್ ಸೀಮ್ಸ್” ಅಂದರೆ ಮುಖ್ಯವಾಗಿ “ನನಗೆ ಹಾಗೆ ಕಾಣುತ್ತಿದೆ”. ಲಕ್ಷಣ ನೋಡಿ ಊಹೆ ಮಾಡಿದ ಹಾಗೆ. “ಅಂತೆ” ಊಹೆಯಲ್ಲ. ಯಾರೋ ಹೇಳಿದ್ದು ನನ್ನ ಕಿವಿಗೆ ಬಿದ್ದಿದೆ, ನಾನು ಕಂಡಿಲ್ಲ ಅನ್ನುವುದು. ಯಾರು ಹೇಳಿದರು ಅಂತ ಹೇಳುವ ಗೋಜೂ ಇಲ್ಲ.

ಮಾತಿನಲ್ಲಿ ಇದಕ್ಕೆ “ಅಪ್ಯಾರೆಂಟ್ಲಿ”, “ಐ ಹಿಯರ್”, “ಐ ಆಮ್ ಟೋಲ್ಡ್” ಹತ್ತಿರ ಬರುತ್ತವೆ. ಪತ್ರಿಕೆಯವರು “ರಿಪೋರ್ಟೆಡ್ಲಿ” ಅನ್ನುತ್ತಾರೆ. “ಅಲೆಜೆಡ್ಲಿ” ಬೇಡ, ಅದರಲ್ಲಿ ಆರೋಪದ ವಾಸನೆ ಇದೆ. ಆಡಿಟರ್ ಬರುವುದು ಅಪರಾಧ ಅಲ್ವಲ್ಲ! ನನ್ನ ವಾಕ್ಯದಲ್ಲಿ ಇನ್ನೊಂದು ತೊಡಕೂ ಇದೆ. “ಬರುತ್ತಾರಂತೆ ಎಂದರು” ಅನ್ನುವುದರಲ್ಲಿ ವರದಿಯೊಳಗೆ ವರದಿ ಇದೆ. ಸದಸ್ಯರಿಗೆ ಯಾರೋ ಹೇಳಿದ್ದು, ಸದಸ್ಯರು ಸಭೆಗೆ ಹೇಳಿದ್ದು. ಹಾಗಾಗಿ ನಾನು “ಎ ಮೆಂಬರ್ ಸೆಡ್ ಹಿ ಹ್ಯಾಡ್ ಹರ್ಡ್ ದಟ್ ದ ಆಡಿಟರ್ ವುಡ್ ಕಮ್ ದ ಫಾಲೋಯಿಂಗ್ ವೀಕ್” ಅಂತ ಮಾಡಿದೆ. ಕನ್ನಡದ ಎರಡಕ್ಷರಕ್ಕೆ ಅಲ್ಲಿ “ಹಿ ಹ್ಯಾಡ್ ಹರ್ಡ್” ಅಂತ ಒಂದು ಇಡೀ ತುಣುಕು ಬೇಕಾಯಿತು. ಇದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಜಾಸ್ತಿ ಬಿಗಿಯಾಯಿತು, ಮೂಲದಲ್ಲಿ ಅಷ್ಟು ತೂಕ ಇಲ್ಲ ಅನ್ನುವುದು ಸಹೋದ್ಯೋಗಿಯ ವಾದ. ಅದರಲ್ಲೂ ಸತ್ಯ ಇದೆ.

“ಅಂತೆ”ಗೆ ಒಂದೇ ಇಂಗ್ಲಿಷ್ ಪದ ಹುಡುಕುವುದೇ ದಂಡ ಅನ್ನಿಸುವುದು ಅದರ ಬೇರೆ ರೂಪಗಳನ್ನು ನೋಡಿದಾಗ. “ಒಂದೂರಲ್ಲಿ ಒಬ್ಬ ರಾಜ ಇದ್ನಂತೆ” ಅನ್ನುವಲ್ಲಿ ಇಂಗ್ಲಿಷ್ ಏನನ್ನೂ ಸೇರಿಸುವುದಿಲ್ಲ, ಸುಮ್ನೆ “ದೇರ್ ವಾಸ್ ಎ ಕಿಂಗ್”. “ಅಮ್ಮ ಕರೀತಿದ್ದಾರೆ, ಊಟಕ್ಕೆ ಬರ್ಬೇಕಂತೆ” ಅನ್ನುವಲ್ಲಿ ಅದು ಅಪ್ಪಣೆಯ ವರದಿ, “ಅಮ್ಮ ವಾಂಟ್ಸ್ ಯು ಟು ಕಮ್”. “ಇವನು ದೊಡ್ಡ ಪಂಡಿತನಂತೆ!” ಅಂದರೆ ವರದಿಯೂ ಅಲ್ಲ, ವ್ಯಂಗ್ಯ. ಅದಕ್ಕೆ “ಹಿ ಈಸ್ ಸಪೋಸ್ಡ್ ಟು ಬಿ ಎ ಗ್ರೇಟ್ ಸ್ಕಾಲರ್” ಅಂತ ದನಿ ಬದಲಿಸಿ ಹೇಳಬೇಕಷ್ಟೆ.

ಈಗ ನಿಮ್ಮಲ್ಲಿ ನನ್ನ ಪ್ರಶ್ನೆಗಳು. ಕಚೇರಿ ಕಾಗದಪತ್ರದ ಇಂಗ್ಲಿಷ್‌ನಲ್ಲಿ “ಹಿ ಹ್ಯಾಡ್ ಹರ್ಡ್” ಅನ್ನುವುದಕ್ಕಿಂತ ಹಗುರವಾದ ದಾರಿ ಯಾರಾದರೂ ಬಳಸಿದ್ದೀರಾ? ಕೋರ್ಟು ಕಾಗದಗಳ ಅನುವಾದ ಮಾಡುವವರು ಇಲ್ಲಿ ಇದ್ದರೆ ದಯವಿಟ್ಟು ಹೇಳಿ, ಸಾಕ್ಷಿಯ ಹೇಳಿಕೆಯಲ್ಲಿ “ಅಂತೆ” ಬಂದರೆ ಏನು ಮಾಡುತ್ತೀರಿ? ಧಾರವಾಡದ ಕಡೆ “ಬರ್ತಾನಂತ” ಅನ್ನುತ್ತಾರಲ್ಲ, ಅಲ್ಲಿ ಕೇಳಿದ್ದು ಮತ್ತು ಹೇಳಿದ್ದು ಎರಡಕ್ಕೂ “ಅಂತ” ಒಂದೇ ಆದಾಗ ವ್ಯತ್ಯಾಸ ಹೇಗೆ ತಿಳಿಯುತ್ತದೆ? ಮತ್ತೆ, ಈ ಕಾಲ ಹಿಂದಕ್ಕೆ ಇಳಿಸುವುದಕ್ಕೆ ಕನ್ನಡದಲ್ಲಿ ಒಂದು ಹೆಸರು ಬೇಕು. “ಕಾಲಪಲ್ಲಟ” ಅಂತ ಒಬ್ಬರು ಸೂಚಿಸಿದರು, ನನಗೆ ಭಾರ ಅನ್ನಿಸಿತು. “ಕಾಲ ಇಳಿಕೆ” ನಡೆಯುತ್ತಾ?