ಕಾರಟಗಿಯಿಂದ ಹಳ್ಳಿಗೆ ಫೈಬರ್ ಹೂಳಬೇಕು, ಯಾರ ಹತ್ತಿರ ಕೇಳಬೇಕು?

ಕಾರಟಗಿ ಹುಡುಗ:
ಎಲ್ಲರಿಗೂ ನಮಸ್ಕಾರ. ಕಾರಟಗಿಯಲ್ಲಿ ಸಣ್ಣದಾಗಿ ಇಂಟರ್ನೆಟ್ ಕೊಡುತ್ತೇನೆ. ಸಣ್ಣ ಪ್ರದೇಶಕ್ಕೆ ಇಂಟರ್ನೆಟ್ ಕೊಡುವ ಸಿ ವರ್ಗದ ಲೈಸೆನ್ಸ್ ಇದೆ, 212 ಮನೆಗಳಿಗೆ ಸಂಪರ್ಕ ಕೊಟ್ಟಿದ್ದೇನೆ. ಏಳು ಕಿಲೋಮೀಟರ್ ದೂರದ ಒಂದು ಹಳ್ಳಿಗೆ ಫೈಬರ್ ಕೇಬಲನ್ನು ಕಂಬದ ಮೇಲೆ ಎಳೆದಿದ್ದೇನೆ. ಭತ್ತದ ಕೊಯ್ಲು ಬಂದರೆ ಸಾಕು, ಹುಲ್ಲು ಹೇರಿದ ಟ್ರ್ಯಾಕ್ಟರ್‌ಗೆ ಸಿಕ್ಕಿ ಕಿತ್ತು ಹೋಗುತ್ತದೆ. ಹೋದ ಸುಗ್ಗಿಯಲ್ಲಿ ನಾಲ್ಕು ಸಲ ಆಯಿತು. ಕೊನೆಯ ಸಲ ರಾತ್ರಿ ಹನ್ನೊಂದರವರೆಗೆ ಗದ್ದೆ ಬದುವಿನ ಮೇಲೆ ಕೂತು ತುಂಡಾದ ಫೈಬರ್ ಜೋಡಿಸಿದೆ (ಸ್ಪ್ಲೈಸ್ ಮಾಡಿದೆ). ಆ ಊರಲ್ಲಿ ಆನ್‌ಲೈನ್ ಪಾಠ ಕೇಳುವ ಮಕ್ಕಳಿದ್ದಾರೆ, ಅವರಿಗೆ ಉತ್ತರ ಕೊಡೋಕೆ ಆಗಲಿಲ್ಲ.

ಅದಕ್ಕೆ ನೆಲದಲ್ಲೇ ಹೂಳೋಣ ಅಂತ ಒಂದು ಕಚೇರಿಗೆ ಅರ್ಜಿ ಕೊಟ್ಟೆ. ಎರಡು ತಿಂಗಳಾದ ಮೇಲೆ "ಈ ರಸ್ತೆ ನಮ್ಮದಲ್ಲ" ಅಂದರು. ಮುಂದೇನು ಮಾಡಲಿ?

ಸಿಂಧನೂರು ಕೇಬಲ್:
ತಮ್ಮಾ, ನಾನೂ ಹೀಗೇ ಅಲೆದಿದ್ದೇನೆ. ರಸ್ತೆ ಒಂದೇ ಕಂಡರೂ ಒಡೆಯರು ಮೂರು ಜನ. ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯದು. ಹಳ್ಳಿ ರಸ್ತೆ ಹೆಚ್ಚಾಗಿ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ್ದು. ಊರೊಳಗಿನ ಓಣಿ ಗ್ರಾಮ ಪಂಚಾಯಿತಿಯದು. ನಾನು ಜೆಇ (ಕಿರಿಯ ಇಂಜಿನಿಯರ್) ಅವರನ್ನು ಬೈಕ್ ಹಿಂದೆ ಕೂರಿಸಿಕೊಂಡು ಪೂರ್ತಿ ದಾರಿ ತೋರಿಸಿದೆ. ಎಲ್ಲಿಂದ ಎಲ್ಲಿವರೆಗೆ ಯಾರದು ಅಂತ ಅಲ್ಲೇ ಬರೆದುಕೊಂಡೆ. ಒಂದು ಬೆಳಗ್ಗೆ ಸಾಕಾಯಿತು.

ಆಮೇಲೆ ಒಬ್ಬೊಬ್ಬರಿಗೆ ಬೇರೆ ಬೇರೆ ಅರ್ಜಿ ಹಾಕು. ಕಾಗದ ಕೈಯಲ್ಲಿ ಕೊಟ್ಟು ಬರಬೇಡ, ಕೇಬಲ್ ಹೂಳಲು ಅನುಮತಿ ಕೇಳುವ ಕೇಂದ್ರ ಸರ್ಕಾರದ ಜಾಲತಾಣ ಗತಿಶಕ್ತಿ ಸಂಚಾರ್ ಪೋರ್ಟಲ್‌ನಲ್ಲಿ ಹಾಕು. 2025ರ ಜನವರಿ 1ರಿಂದ ಹೊಸ ನಿಯಮ ಬಂದಿದೆ. 67 ದಿನದೊಳಗೆ ಏನೂ ಹೇಳದಿದ್ದರೆ ಅನುಮತಿ ಕೊಟ್ಟಂತೆಯೇ ಲೆಕ್ಕ. ಹಾಗಂತ 68ನೇ ದಿನ ಜೆಸಿಬಿ ಇಳಿಸಬೇಡ. ಒಂದು ಪತ್ರ ಬರೆದು ಸ್ವೀಕೃತಿ ತಗೋ.

ಕಾರಟಗಿ ಹುಡುಗ:
ತುಂಬಾ ಉಪಕಾರ ಆಯಿತು ಅಣ್ಣ. ನಡುವೆ ತುಂಗಭದ್ರಾ ಎಡದಂಡೆ ಕಾಲುವೆಯ ಒಂದು ಉಪಕಾಲುವೆ ಅಡ್ಡ ಬರುತ್ತದೆ. ಅದನ್ನು ದಾಟೋದು ಹೇಗೆ?

ಗಂಗಾವತಿಯಿಂದ:
ಕಾಲುವೆ ಏರಿ ಮಾತ್ರ ಅಗೆಯಬೇಡಿ. ಏರಿ ಸಡಿಲವಾಗಿ ನೀರು ನುಗ್ಗಿದರೆ ಯಾರದೋ ಗದ್ದೆ ಹೋಗುತ್ತದೆ. ನೀರಾವರಿ ನಿಗಮಕ್ಕೆ ಬೇರೆ ಅರ್ಜಿ ಕೊಡಿ. ಸೇತುವೆ ಪಕ್ಕಕ್ಕೆ ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ ಪೈಪ್) ಕ್ಲ್ಯಾಂಪ್ ಹಾಕಿ ಅದರೊಳಗೆ ಕೇಬಲ್ ಒಯ್ಯುತ್ತೇವೆ ಅಂತ ನಕ್ಷೆ ಸಮೇತ ಕೇಳಿ. ಬೇಸಿಗೆಯಲ್ಲಿ ಕಾಲುವೆ ನೀರು ನಿಂತಾಗ ಕೆಲಸ ಮುಗಿಸಿಬಿಡಿ.

ಇನ್ನೊಂದು. ನಮ್ಮ ಕಡೆ ಎರೆ ಮಣ್ಣು, ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಮುಚ್ಚಿದ ಗುಂಡಿಯನ್ನು ಪದರ ಪದರವಾಗಿ ದಮ್ಮಸು ಮಾಡಿಸದಿದ್ದರೆ ಮೊದಲ ಮಳೆಗೇ ರಸ್ತೆ ಅಂಚು ಕುಸಿಯುತ್ತದೆ. ರಸ್ತೆ ಅಗೆಯಲು ನಾನು ಕಟ್ಟಿದ್ದ ಠೇವಣಿ ವಾಪಸ್ ಬಾರದೆ ಹಾಗೇ ನಿಂತುಹೋಗಿತ್ತು. ಅಗೆಯುವ ಮೊದಲು, ಮುಚ್ಚಿದ ಮೇಲೆ, ಎರಡೂ ಸಲ ಫೋಟೋ ತೆಗೆಯಿರಿ. ಊರೊಳಗೆ ಜಲಜೀವನ್ ಯೋಜನೆಯ ಕುಡಿಯುವ ನೀರಿನ ಪೈಪ್ ಎಲ್ಲಿದೆ ಅಂತ ನೀರು ಬಿಡುವವರನ್ನೇ ಕೇಳಿ, ಅವರಿಗೆ ಗೊತ್ತಿರುತ್ತದೆ.

ಕಾರಟಗಿ ಹುಡುಗ:
ನಾಳೆ ಬೆಳಗ್ಗೆ ಜೆಇ ಅವರಿಗೆ ಫೋನ್ ಮಾಡುತ್ತೇನೆ. ಬೈಕಿಗೆ ಪೆಟ್ರೋಲ್ ಈಗಲೇ ಹಾಕಿಸಿದೆ.